ಹೊರಗಿನವರಿಗೊಂದು ಉಕ್ತಲೇಖನ

ಮಂಗಳೂರಿನಲ್ಲಿ ಹೊರಗಿನವರು ಹೆಚ್ಚಾಗಿದ್ದಾರೆ ಎಂಬ ಕಳವಳ ಈಗ ಮದುವೆಯ ಊಟದಲ್ಲಿ ಉಪ್ಪಿನಕಾಯಿಗಿಂತ ಮೊದಲೇ ಎಲೆಗೆ ಬೀಳುತ್ತದೆ. ಕಳವಳಪಡುವವರ ಮಕ್ಕಳು ದುಬೈ, ಮೆಲ್ಬರ್ನ್‌ಗಳಲ್ಲಿದ್ದಾರೆ. ಅದು ಬೇರೆ ವಿಷಯ. ಅವರು ಹೋದದ್ದು ಏಳಿಗೆಗೆ, ಬಿಹಾರದವರು ಬರುವುದು ನುಗ್ಗುವುದಕ್ಕೆ.

ಸೋಸಲೇಬೇಕೆಂದಿದ್ದರೆ ಮೆಲ್ಬರ್ನ್‌ನ ಮಕ್ಕಳನ್ನೇ ಕೇಳಬಹುದು. ಆಸ್ಟ್ರೇಲಿಯಾ 1901ರಲ್ಲಿ ಕಾನೂನು ಮಾಡಿ, ಬೇಡವಾದವರು ಬಂದಿಳಿದರೆ ಐವತ್ತು ಪದಗಳ ಉಕ್ತಲೇಖನ ಬರೆಸುತ್ತಿತ್ತು. ಭಾಷೆ ಅಧಿಕಾರಿಯ ಮರ್ಜಿ, ಯುರೋಪಿನದ್ದಾದರೆ ಸಾಕು. 1934ರಲ್ಲಿ ಹಿಟ್ಲರನ ವಿರುದ್ಧ ಮಾತನಾಡಲು ಬಂದ ಪ್ರಾಗ್‌ನ ಪತ್ರಕರ್ತ ಎಗಾನ್ ಕಿಶ್‌ಗೆ ಹಲವು ಭಾಷೆಗಳು ಬರುತ್ತಿದ್ದವು. ಹಾಗಾಗಿ ಸ್ಕಾಟಿಷ್ ಗೇಲಿಕ್‌ನಲ್ಲಿ ಬರೆಯಲು ಹೇಳಿದರು! ಅದು ಈ ಕಾನೂನು ಹೇಳುವ ಯುರೋಪಿಯನ್ ಭಾಷೆಯೇ ಅಲ್ಲವೆಂದು ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು. ಪರೀಕ್ಷೆ 1958ರಲ್ಲಿ ರದ್ದಾಯಿತು. 2021ರ ಜನಗಣತಿಯಲ್ಲಿ ಅಲ್ಲಿನ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಅವರು ಬಿಸಾಡಿದ ಪರೀಕ್ಷೆ ನಮಗೆ ಅಗ್ಗಕ್ಕೆ ಸಿಗಬಹುದು.

ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಮೇಜು ಹಾಕೋಣ. ಭಾಷೆ ಯಾವುದು? ತುಳು ಎಲ್ಲರ ಬಾಯಲ್ಲೂ ಇದೆ. ಆದರೆ ತುಳು ಲಿಪಿಯಲ್ಲೇ ಬರೆಯಿರಿ ಎಂದರೆ ಮೇಲ್ವಿಚಾರಕರೇ ಪೆನ್ನು ಹುಡುಕುವ ನೆಪದಲ್ಲಿ ಎದ್ದು ಹೋದಾರು. ಕೊಂಕಣಿಯೋ, ಪೋರ್ಚುಗೀಸರ ಕಾಟ ತಾಳದೆ ಗೋವಾದಿಂದ ಓಡಿ ಬಂದವರೊಂದಿಗೆ ಬಂದದ್ದು. ಕನ್ನಡವೆಂದರೆ ನಾವು ಮೂಗು ಮುರಿಯುವ ಘಟ್ಟದ ಮೇಲಿನ ಕೂಲಿಯವರೇ ಮೊದಲ ದರ್ಜೆಯಲ್ಲಿ ಪಾಸು. ಹಳಬರ ಭಾಷೆಯೇ ಬೇಕೆಂದರೆ ಇಲ್ಲಿನ ಬುಡಕಟ್ಟಿನವರಾದ ಕೊರಗರದ್ದಿದೆ. ಅದರಲ್ಲಿ ಶೆಟ್ಟರು, ಭಟ್ಟರು, ಪೈಗಳು, ಡಿಸೋಜರು, ಬ್ಯಾರಿಗಳು ಜಾತಿಮತ ಮರೆತು ಒಟ್ಟಾಗಿ ನಪಾಸಾಗುತ್ತಾರೆ. ಸೌಹಾರ್ದವೆಂದರೆ ಇದೇ ಇರಬೇಕು. ಕೊರಗರನ್ನು, ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯಿಂದ ಬಿಡಿಸಲು 2000ದಲ್ಲಿ ಸರಕಾರ ಕಾನೂನನ್ನೇ ತರಬೇಕಾಯಿತು. ಅಂಗಳದಾಚೆ ನಿಲ್ಲಿಸಿದವರ ಐವತ್ತು ಪದ ನಮ್ಮ ಕಿವಿಗೆ ಬೀಳುವುದಾದರೂ ಹೇಗೆ?

ಆದ್ದರಿಂದ ಕೆಲವು ರಿಯಾಯಿತಿ ಅನಿವಾರ್ಯ. ಸ್ವಂತ ಮನೆ ಇದ್ದವರಿಗೆ ಪರೀಕ್ಷೆ ಇಲ್ಲ. ಬಜ್ಪೆಯಲ್ಲಿ ವಿಮಾನ ಇಳಿದು ಕದ್ರಿಯಲ್ಲಿ ಫ್ಲ್ಯಾಟ್ ಕೊಳ್ಳುವವರು ಹೂಡಿಕೆದಾರರು, ಅವರಿಗೆ ಹೂಗುಚ್ಛ. ಇನ್ನು ಮೀನುಗಾರಿಕಾ ಬಂದರಾದ ಧಕ್ಕೆಯ ಬೋಟುಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡಿನ ಹುಡುಗರು. ಅವರು ನಪಾಸಾದರೆ ಬಂಗುಡೆ ತರುವವರು ಯಾರು? ಅವರ ಪರೀಕ್ಷೆ ಜೂನ್, ಜುಲೈಯಲ್ಲಿ ಮಾತ್ರ. ಆಗ ಹೇಗೂ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಅವರೂ ಊರಿಗೆ ಹೋಗಿರುತ್ತಾರೆ.