ಆ ಕೊಳಕು ಪುಟ ಇದ್ದಿದ್ದರೆ

ಡ್ಯೂಟಿ ರಿಜಿಸ್ಟರ್ ಬರೆಯುವ ಎಲ್ಲರಿಗೂ ಒಂದು ಮಾತು ಹೇಳಬೇಕು. ಸೆಕ್ಯೂರಿಟಿ, ನರ್ಸಿಂಗ್, ಗೋದಾಮು, ಶಾಲೆ, ಕಂಟ್ರೋಲ್ ರೂಮ್, ನೀವು ಎಲ್ಲಿದ್ದರೂ ಸರಿ. ಬರೆದಿದ್ದನ್ನು ಫೇರ್ ಮಾಡಿ ಹಳೆಯದನ್ನು ಎಸೆಯಬೇಡಿ. ಯಾರೇ ಹೇಳಿದರೂ ಎಸೆಯಬೇಡಿ. ನಾನು ಒಮ್ಮೆ ಎಸೆದಿದ್ದೇನೆ. ಅದರ ಪೆಟ್ಟು ಬಿದ್ದಿದ್ದು ನನಗಲ್ಲ, ಬೇರೆ ಇಬ್ಬರಿಗೆ.

ಆಗ ನಾನು ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ಸೂಪರ್‌ವೈಸರ್. ಒಂದು ರಾತ್ರಿ ಫೋರ್ಕ್‌ಲಿಫ್ಟ್ ರಿವರ್ಸ್ ಬರುವಾಗ ಅದರ ಹಿಂದಿನ ಚಕ್ರ ಲೋಡಿಂಗ್ ಹುಡುಗನೊಬ್ಬನ ಪಾದದ ಮೇಲೆ ಹತ್ತಿತು. ಆಂಬುಲೆನ್ಸ್ ಹೋದ ಮೇಲೆ ಅಲ್ಲೇ ಒಂದು ಮೂಟೆಯ ಮೇಲೆ ಕೂತು ರಿಜಿಸ್ಟರ್ ಬರೆದೆ. ಕೈ ನಡುಗುತ್ತಿತ್ತು. ಮೊದಲು ಗೋಡೆ ಗಡಿಯಾರ ನೋಡಿದ್ದ ನೆನಪಿನಲ್ಲಿ 2:40 ಎಂದು ಬರೆದೆ. ಆಮೇಲೆ ಮೊಬೈಲ್ ಜೊತೆ ಹೋಲಿಸಿದಾಗ ಗೋಡೆ ಗಡಿಯಾರ ಐದು ನಿಮಿಷ ಹಿಂದೆ ಇರುವುದು ಗೊತ್ತಾಯಿತು. 2:40ಕ್ಕೆ ಗೆರೆ ಹೊಡೆದು 2:45 ಮಾಡಿದೆ. ಪಕ್ಕದಲ್ಲಿ 'ಗೋಡೆ ಗಡಿಯಾರ 5 ನಿಮಿಷ ಸ್ಲೋ' ಎಂದು ಬರೆದೆ. ಡ್ರೈವರ್ ಬಿಳಿಚಿಕೊಂಡು ನಿಂತಿದ್ದ. ಅವನು ಹೇಳಿದ್ದನ್ನು ಹಾಗೇ ಇಳಿಸಿದೆ: 'ಹಾರ್ನ್ ಕೆಟ್ಟು ಮೂರು ದಿನ ಆಯ್ತು ಸಾರ್, ಹೇಳಿದೀನಿ.'

ಬೆಳಿಗ್ಗೆ ಮೇಲಿನವರು ಬಂದು ಪುಟ ನೋಡಿದರು. 'ಏನ್ರೀ ಇದು, ಇಷ್ಟು ಗಲೀಜು? ಇನ್ಸ್‌ಪೆಕ್ಷನ್‌ಗೆ ಬರ್ತಾರೆ, ನೀಟಾಗಿ ಬರೆದಿಡಿ' ಎಂದರು. ಅವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ಇವತ್ತಿಗೂ ನನಗೆ ಅನಿಸುವುದಿಲ್ಲ. ಹೊಸ ರಿಜಿಸ್ಟರ್ ತೆಗೆದು ಇಡೀ ಪಾಳಿಯನ್ನು ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು, ದುಂಡಗೆ ಬರೆದೆ. ಗೆರೆ ಹೊಡೆದ 2:40 ಹೋಯಿತು. ಗಡಿಯಾರದ ಸಾಲು ಅನಗತ್ಯ ಅನಿಸಿತು, ಬಿಟ್ಟೆ. ಡ್ರೈವರ್ ಮಾತನ್ನು ಆಫೀಸಿನ ಭಾಷೆಗೆ ತಂದೆ: 'ಹಾರ್ನ್ ಕೆಟ್ಟಿರುವುದನ್ನು ಚಾಲಕರು ಒಪ್ಪಿಕೊಂಡಿರುತ್ತಾರೆ.' ಹಳೆಯದು ರದ್ದಿಗೆ ಹೋಯಿತು.

ಆ ಎರಡು ಸಾಲುಗಳ ನಡುವಿನ ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಡ್ರೈವರ್ 'ಹೇಳಿದೀನಿ' ಅಂದಿದ್ದಾನೆ. ಅಂದರೆ ಅವನು ಮೊದಲೇ ದೂರು ಕೊಟ್ಟಿದ್ದ. ಎರಡನೆಯದರಲ್ಲಿ ಅವನೇ ತಪ್ಪು ಒಪ್ಪಿಕೊಂಡ ಹಾಗಿದೆ. ನಾನು ಸುಳ್ಳು ಬರೆಯಬೇಕೆಂದು ಕೂತಿರಲಿಲ್ಲ. ನೀಟಾಗಿ ಬರೆಯಬೇಕೆಂದು ಕೂತಿದ್ದೆ. ಆ ಒಂದು ಸಾಲಿನ ಮೇಲೆ ಅವನನ್ನು ಕೆಲಸದಿಂದ ತೆಗೆದರು.

ಹುಡುಗನ ಪರಿಹಾರದ ಕೇಸು ನಡೆಯಿತು. ನಾನು ಸಾಕ್ಷಿ. ಪಾಟೀಸವಾಲಿನಲ್ಲಿ ಎದುರು ವಕೀಲರು ಎರಡು ರಿಜಿಸ್ಟರ್ ಪಕ್ಕಪಕ್ಕ ಇಟ್ಟರು. ಗೇಟಿನವರು ಅದೇ ಸ್ಲೋ ಗಡಿಯಾರ ನೋಡಿ 'ಆಂಬುಲೆನ್ಸ್‌ಗೆ ಫೋನ್ 2:42' ಎಂದು ಬರೆದಿದ್ದರು. ನನ್ನದರಲ್ಲಿ ಅಪಘಾತ 2:45. 'ಅಪಘಾತಕ್ಕೆ ಮೂರು ನಿಮಿಷ ಮೊದಲೇ ಆಂಬುಲೆನ್ಸ್ ಕರೆದಿರಾ?' ಎಂದು ಕೇಳಿದರು. ಗಡಿಯಾರ ಸ್ಲೋ ಇತ್ತು ಎಂದೆ. 'ಎಲ್ಲಿ ಬರೆದಿದ್ದೀರಿ ತೋರಿಸಿ' ಎಂದರು. ಎಲ್ಲೂ ಇರಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ: 'ಎಂಟು ಗಂಟೆಯ ಪಾಳಿ, ಒಂದು ಕಾಟು ಇಲ್ಲ, ಇಂಕಿನ ಬಣ್ಣ ಕೂಡ ಬದಲಾಗಿಲ್ಲ. ಇದನ್ನು ಯಾವಾಗ ಬರೆದಿರಿ?' ನಿಜ ಹೇಳಿದೆ. ಅಲ್ಲಿಂದ ಮುಂದೆ ನನ್ನ ರಿಜಿಸ್ಟರ್‌ನ ಯಾವ ಸಾಲಿಗೂ ಬೆಲೆ ಉಳಿಯಲಿಲ್ಲ. ಆಂಬುಲೆನ್ಸ್‌ನವರ ಕರೆ ದಾಖಲೆ ತರಿಸಿದ ಮೇಲೆ ಸಮಯದ ಗೊಂದಲ ಬಗೆಹರಿಯಿತು. ಅಷ್ಟರಲ್ಲಿ ಹನ್ನೊಂದು ತಿಂಗಳು ಜಾಸ್ತಿ ಹಿಡಿಯಿತು. ಆ ಹುಡುಗ ಅಷ್ಟು ದಿನವೂ ಊರುಗೋಲು ಹಿಡಿದು ಬಂದು ಕೂರುತ್ತಿದ್ದ.

ಬ್ರಿಟನ್ನಿನ ಪೊಲೀಸರಿಗೆ ಪಾಕೆಟ್ ಪುಸ್ತಕ ಬರೆಯಲು ಕಲಿಸುವಾಗ 'ನೋ ಎಲ್ಬೋಸ್' (NO ELBOWS) ಎಂಬ ಸೂತ್ರ ಹೇಳಿಕೊಡುತ್ತಾರೆ. ELBOWS ಪದದ ಒಂದೊಂದು ಅಕ್ಷರಕ್ಕೆ ಒಂದೊಂದು ನಿಯಮ. ಅಳಿಸಬೇಡ, ಹಾಳೆ ಹರಿಯಬೇಡ, ಖಾಲಿ ಜಾಗ ಬಿಡಬೇಡ, ಬರೆದಿದ್ದರ ಮೇಲೆ ತಿದ್ದಬೇಡ, ಸಾಲುಗಳ ನಡುವೆ ತುರುಕಬೇಡ. ಕೊನೆಯದು ಮಾತ್ರ ಮಾಡಬೇಕಾದ್ದು: ಯಾರು ಏನು ಹೇಳಿದರೋ ಅವರ ಮಾತಿನಲ್ಲೇ ಬರೆ. ಇದನ್ನು ನಾನು ಓದಿದ್ದು ಕೇಸು ಮುಗಿದ ಮೇಲೆ. ಆ ಕೊನೆಯ ನಿಯಮ ಓದಿದಾಗ ಡ್ರೈವರ್ ಮುಖ ಕಣ್ಣ ಮುಂದೆ ಬಂತು.

ತಪ್ಪಾದರೆ ಒಂದೇ ಗೆರೆ ಹೊಡೆಯಿರಿ. ಕೆಳಗಿನದು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಚಿಕ್ಕ ರುಜು, ಸಮಯ. ವೈಟ್ನರ್ ಮುಟ್ಟಲೇಬೇಡಿ. ಗೆರೆಯ ಕೆಳಗಿರುವ ತಪ್ಪು ಓದಲು ಬಂದರೆ ಯಾರೂ ಸಂಶಯ ಪಡುವುದಿಲ್ಲ. ವೈಟ್ನರ್ ಕಂಡರೆ ಕೆಳಗೆ ಏನಿತ್ತೋ ಅಂತ ಎಲ್ಲರೂ ಯೋಚಿಸುತ್ತಾರೆ. ಬಿಡಿ ಹಾಳೆ ಬೇಡ, ಬೈಂಡ್ ಮಾಡಿದ, ಪುಟ ಸಂಖ್ಯೆ ಇರುವ ಪುಸ್ತಕ ಇರಲಿ. ಪುಟದ ಕೊನೆಯಲ್ಲಿ ಜಾಗ ಉಳಿದರೆ ಅಡ್ಡ ಗೆರೆ ಎಳೆಯಿರಿ. ನಿಮ್ಮ ಕಡೆ ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಇದ್ದರೂ ಇದೇ. ಹಳೆಯ ಎಂಟ್ರಿ ತಿದ್ದಬೇಡಿ, ಅದರ ಕೆಳಗೆ ಹೊಸದು ಸೇರಿಸಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಯಾರೂ ಪ್ರಶ್ನೆ ಕೇಳುವ ಮೊದಲೇ ಬರೆಯಿರಿ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತುಣುಕು ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದು ಪದ ಮಾತ್ರ ಬೇರೆ ಬೇರೆ. ಕಾರುಗಳು 'ಅಪ್ಪಳಿಸಿದಾಗ' ಎಂದು ಕೇಳಿದರೆ ಸರಾಸರಿ ಗಂಟೆಗೆ 40 ಮೈಲಿಗಿಂತ ಸ್ವಲ್ಪ ಹೆಚ್ಚು ಬಂತು, 'ತಾಗಿದಾಗ' ಎಂದರೆ ಸುಮಾರು 32. ಇನ್ನೊಂದು ಗುಂಪಿಗೆ ಹೀಗೇ ತೋರಿಸಿ, ವಾರ ಬಿಟ್ಟು 'ಒಡೆದ ಗಾಜು ನೋಡಿದಿರಾ' ಎಂದು ಕೇಳಿದರು. 'ಅಪ್ಪಳಿಸಿದ' ಎಂಬ ಪದ ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಜನ ಹೌದು ಎಂದರು. ಆ ಫಿಲ್ಮ್‌ನಲ್ಲಿ ಒಡೆದ ಗಾಜೇ ಇರಲಿಲ್ಲ. ಹಾಗಿದ್ದರೆ ಬೆಳಿಗ್ಗೆ ಸಾಹೇಬರು ಬಂದು 'ಅವನು ಸ್ಪೀಡಾಗಿ ಬಂದು ಗುದ್ದಿದನಂತೆ, ಹೌದೇನ್ರೀ?' ಎಂದು ಕೇಳಿದ ಮೇಲೆ ನಮ್ಮ ನೆನಪು ಎಷ್ಟು ನಮ್ಮದಾಗಿ ಉಳಿದಿರುತ್ತದೆ? ಜೊತೆಯವರೊಂದಿಗೆ ಕೂತು ಮಾತಾಡಿಕೊಂಡು ಬರೆದರೂ ಇದೇ ತೊಂದರೆ. ಕೇಳಿ ಬರೆದಿದ್ದರೆ 'ಇಂಥವರನ್ನು ಕೇಳಿ ಬರೆದೆ' ಎಂದು ಸೇರಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಕಂಡಿದ್ದು ಬೇರೆ, ಅಂದುಕೊಂಡಿದ್ದು ಬೇರೆ. 'ಕುಡಿದಿದ್ದ' ಅನ್ನುವುದು ನಿಮ್ಮ ತೀರ್ಮಾನ. 'ಬಾಯಿಂದ ವಾಸನೆ ಬರುತ್ತಿತ್ತು, ಮಾತು ತೊದಲುತ್ತಿತ್ತು, ಎರಡು ಸಲ ಗೋಡೆ ಹಿಡಿದ' ಅನ್ನುವುದು ನೀವು ಕಂಡಿದ್ದು. ಮೂರು ವರ್ಷದ ಮೇಲೆ ಕಟಕಟೆಯಲ್ಲಿ ನಿಂತಾಗ ಕೈ ಹಿಡಿಯುವುದು ಎರಡನೆಯದೇ. ಬ್ರಿಟಿಷ್ ಪದ್ಧತಿಯಿಂದ ಬಂದ ಸಾಕ್ಷ್ಯ ಕಾನೂನಿನಲ್ಲಿ, ಘಟನೆ ನಡೆದಾಗಲೇ ಅಥವಾ ನೆನಪು ಹಸಿಯಾಗಿರುವಾಗಲೇ ಬರೆದ ಟಿಪ್ಪಣಿ ನೋಡಿಕೊಂಡು ಸಾಕ್ಷಿ ಹೇಳಲು ಅವಕಾಶ ಇದೆ. ಆದರೆ ನೀವು ನೋಡಿದರೆ ಎದುರು ಕಡೆಯವರೂ ಅದನ್ನು ನೋಡಲು ಕೇಳಬಹುದು. ಅದಕ್ಕೇ ಆ ಪುಸ್ತಕದಲ್ಲಿ ಸಹೋದ್ಯೋಗಿಗಳ ಮೇಲಿನ ಸಿಟ್ಟು, ಮನೆಯ ಸಾಮಾನಿನ ಪಟ್ಟಿ ಇಂಥದ್ದೆಲ್ಲ ಬೇಡ.

ಪುಟ ನೀಟಾಗಿಲ್ಲ ಎಂದು ಬೈಯುವ ಮೇಲಧಿಕಾರಿಗಳೇ, ದಯವಿಟ್ಟು ಇದನ್ನೊಮ್ಮೆ ಯೋಚಿಸಿ. ಅಪಘಾತವಾಗಿ ಹತ್ತು ನಿಮಿಷಕ್ಕೆ ಬರೆದ ಪುಟ ಗಲೀಜಾಗಿಯೇ ಇರಬೇಕು. ಅಕ್ಷರ ಓಡಿರಬೇಕು, ಎಲ್ಲೋ ಒಂದು ಕಾಟು ಇರಬೇಕು.

ಈಗಲೂ ಫೇರ್ ಕಾಪಿ ಕೇಳುವವರಿದ್ದಾರೆ. ಬರೆದುಕೊಡುತ್ತೇನೆ, ಇಲ್ಲ ಅನ್ನುವುದಿಲ್ಲ. ಮೇಲೆ 'ನಕಲು' ಎಂದು ಹಾಕಿ, ಬರೆದ ದಿನ ಮತ್ತು ಸಮಯ ನಮೂದಿಸಿ, ಮೂಲ ಎಷ್ಟನೇ ಪುಟದಲ್ಲಿದೆ ಎಂದು ಬರೆದು ರುಜು ಮಾಡುತ್ತೇನೆ. ಆಮೇಲೆ ಇಷ್ಟೇ ಹೇಳುತ್ತೇನೆ: 'ಸಾರ್, ಇದನ್ನು ಎಲ್ಲಿಗೆ ಬೇಕಾದರೂ ಕಳಿಸಿ. ಮೂಲ ಮಾತ್ರ ಇಲ್ಲೇ ಇರಲಿ.'