ಅಲನ್ ಪೇಜ್ ಆಟ ಬಿಟ್ಟ ಮೇಲೆ ಓದಿದವರಲ್ಲ

ಅಲನ್ ಪೇಜ್ ಬಗ್ಗೆ ಎಲ್ಲಿ ಓದಿದರೂ ಒಂದೇ ರಾಗ. ಫುಟ್‌ಬಾಲ್ ಆಟಗಾರನೊಬ್ಬ ಅಮೆರಿಕದ ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟ್ (ಅಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೂ ಅದೇ ಹೆಸರು) ನ್ಯಾಯಮೂರ್ತಿಯಾದ ಅಚ್ಚರಿಯ ಕಥೆ! ಧಡೂತಿ ಆಳಿಗೆ ಓದು ತಲೆಗೆ ಹತ್ತುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದವರಿಗೆ ತಾನೇ ಇದು ಅಚ್ಚರಿ? ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ವಿಷಯ. ತನ್ನ ದುಡಿಮೆಯ ಮೇಲೆ, ತನ್ನ ಮೈಯ ಮೇಲೆ ಅಧಿಕಾರ ಯಾರದ್ದು ಎಂಬ ಪ್ರಶ್ನೆಯನ್ನು ಈ ಮನುಷ್ಯ ಕೊನೆಯವರೆಗೂ ಕೈಬಿಡಲಿಲ್ಲ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ಪ್ರತಿ ಸಲ ಆಟ ಶುರುವಾಗುವಾಗ ಎರಡೂ ತಂಡಗಳ ದೈತ್ಯರು ನೆಲಕ್ಕೆ ಕೈಯೂರಿ ಎದುರುಬದುರು ಬಾಗಿ ನಿಂತಿರುತ್ತಾರಲ್ಲ, ಅವರೇ ಲೈನ್‌ಮನ್‌ಗಳು. ಒಂದು ಸಾಲಿನವರು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಬೇಕು, ಎದುರು ಸಾಲಿನವರು ಅವರನ್ನು ಭೇದಿಸಿ ನುಗ್ಗಿ ಅವನನ್ನು ಕೆಡವಬೇಕು. ಪೇಜ್ ಕೆಡವುವ ಸಾಲಿನವರು. 1945ರಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಹುಟ್ಟಿ, ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿ, 1967ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡ ಮಿನೆಸೋಟ ವೈಕಿಂಗ್ಸ್ ಸೇರಿದರು. 1971ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎಂಬ ಅಸೋಸಿಯೇಟೆಡ್ ಪ್ರೆಸ್ ಪ್ರಶಸ್ತಿ ಬಂತು. ರಕ್ಷಣಾ ವಿಭಾಗದ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವರಿದ್ದ ವೈಕಿಂಗ್ಸ್ ನಾಲ್ಕು ಸಲ ಲೀಗ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ತಲುಪಿ ನಾಲ್ಕೂ ಸಲ ಸೋತಿತು. ಅದನ್ನೇ ಹಿಡಿದು ಇವತ್ತಿಗೂ ಕೊರಗುವ ಅಭಿಮಾನಿಗಳಿದ್ದಾರೆ, ಕೊರಗಲಿ ಬಿಡಿ.

ಆ ಕಾಲದ ಆಟಗಾರರ ಪಾಡು ಕೇಳಿ. ಒಪ್ಪಂದ ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದರೆ, ಅವನನ್ನು ಸೇರಿಸಿಕೊಂಡ ತಂಡ ಹಳೇ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಎರಡು ತಂಡಗಳಿಗೆ ಹೊಂದಾಣಿಕೆ ಆಗದಿದ್ದರೆ ಎಷ್ಟು ಕೊಡಬೇಕೆಂದು ಹೇಳುತ್ತಿದ್ದವರು ಲೀಗ್ ಕಮಿಷನರ್ ಪೀಟ್ ರೋಜೆಲ್. ಇಷ್ಟು ತಲೆನೋವು ಯಾರಿಗೆ ಬೇಕು? ಒಪ್ಪಂದ ಮುಗಿದರೂ ಆಟಗಾರ ಇದ್ದಲ್ಲೇ ಇರಬೇಕಾಗುತ್ತಿತ್ತು. ಇದರ ವಿರುದ್ಧ ಆಟಗಾರ ಜಾನ್ ಮ್ಯಾಕಿ ಹೆಸರಲ್ಲಿ ನಡೆದ ಪ್ರಕರಣದ ಅರ್ಜಿದಾರರಲ್ಲಿ ಪೇಜ್ ಕೂಡ ಒಬ್ಬರು. ಆಟಗಾರರ ಸಂಘದಲ್ಲೂ ಅವರು ಮುಂದಾಳು. 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ನಿಯಮ ಕಾನೂನುಬಾಹಿರ ಎಂದಿತು. ಆ ಹೊತ್ತಿಗೆ ಪೇಜ್ ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿ. ಆಟವನ್ನೂ ಓದನ್ನೂ ಜೊತೆಜೊತೆಗೇ ತೂಗಿಸಿಕೊಂಡು 1978ರಲ್ಲಿ ಪದವಿ ಪಡೆದರು.

ಅದೇ ವರ್ಷ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಸಿಗರೇಟು ಬಿಡಲೆಂದು ಹೆಂಡತಿ ಡಯೇನ್ ಓಡಲು ಶುರು ಮಾಡಿದ್ದರು, ಪೇಜ್ ಜೊತೆಯಾದರು. ಓಟದ ರುಚಿ ಹತ್ತಿತು, ತೂಕ ಇಳಿಯಿತು. ಲೈನ್‌ಮನ್‌ಗೆ ಇಷ್ಟು ಕಡಿಮೆ ತೂಕ ಸಾಲದು ಅಂತ ಕೋಚ್ ಬಡ್ ಗ್ರಾಂಟ್ ತಕರಾರು. ಶಿಕಾಗೊ ಬೇರ್ಸ್ ಅವರನ್ನು ಬರೀ 100 ಡಾಲರ್ ವೇವರ್ ಶುಲ್ಕಕ್ಕೆ (ಒಂದು ತಂಡ ಕೈಬಿಟ್ಟ ಆಟಗಾರನನ್ನು ಪಡೆಯಲು ಇನ್ನೊಂದು ತಂಡ ಕಟ್ಟುವ ಹಣ) ಎತ್ತಿಕೊಂಡಿತು. ಗ್ರಾಂಟ್ ದೊಡ್ಡ ಕೋಚ್, ಒಪ್ಪುತ್ತೇನೆ. ಆದರೆ ಆಟ ಬಿಟ್ಟು ತಕ್ಕಡಿ ನೋಡಿದ ಈ ತೀರ್ಮಾನ ನನಗೆ ಜೀರ್ಣವಾಗಿಲ್ಲ. 'ಮುಗಿದುಹೋದ' ಈ ಆಟಗಾರ 1979ರಲ್ಲಿ ಮ್ಯಾರಥಾನ್ ಓಡಿ ಮುಗಿಸಿದರು, 1981ರವರೆಗೂ ಬೇರ್ಸ್‌ಗೆ ಆಡಿದರು. ಆಟ ಅವರ ಕೈಯ ಮೇಲೊಂದು ಗುರುತು ಬಿಟ್ಟಿದೆ: ಕಿರುಬೆರಳು ಕೀಲು ತಪ್ಪಿ ಪಕ್ಕಕ್ಕೆ ಸೊಟ್ಟಗೆ ಚಾಚಿಕೊಂಡಿದೆ.

ಮುಂದೆ ವಕೀಲಿಕೆ, ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ. 1992ರಲ್ಲಿ ಮಿನೆಸೋಟ ಸುಪ್ರೀಂ ಕೋರ್ಟ್‌ಗೆ ಸ್ಪರ್ಧಿಸಲು ಹೊರಟರು (ಅಲ್ಲಿ ನ್ಯಾಯಮೂರ್ತಿಗಳಿಗೂ ಚುನಾವಣೆ ಇದೆ). ಹಾಲಿ ನ್ಯಾಯಮೂರ್ತಿಯೊಬ್ಬರ ಅವಧಿಯನ್ನು ಗವರ್ನರ್ ಆರ್ನಿ ಕಾರ್ಲ್‌ಸನ್ ವಿಸ್ತರಿಸಿಬಿಟ್ಟರು, ಚುನಾವಣೆಯೇ ಇಲ್ಲದಂತಾಯಿತು. ಪೇಜ್ ಸುಮ್ಮನಿರುವ ಜಾಯಮಾನದವರೇ? ಗವರ್ನರ್ ಮೇಲೇ ದಾವೆ ಹೂಡಿದರು. ಸುಪ್ರೀಂ ಕೋರ್ಟ್ ತನ್ನದೇ ಕುರ್ಚಿಯ ಜಗಳ ತೀರ್ಮಾನಿಸುವಂತಿರಲಿಲ್ಲ, ಹಾಗಾಗಿ ಬದಲಿ ನ್ಯಾಯಾಧೀಶರು ಕೂತು ಪೇಜ್ ಪರ ತೀರ್ಪಿತ್ತರು. ಚುನಾವಣೆ ನಡೆಯಿತು, ಗೆದ್ದರು. ಆ ನ್ಯಾಯಾಲಯದ ಮೊದಲ ಕಪ್ಪುಜನಾಂಗದ ನ್ಯಾಯಮೂರ್ತಿ. ಜನ ಮತ್ತೆ ಮತ್ತೆ ಆರಿಸಿದರು, 70 ತುಂಬಿ 2015ರಲ್ಲಿ ಕಡ್ಡಾಯ ನಿವೃತ್ತಿ ಆಗುವವರೆಗೂ ಪೀಠದಲ್ಲಿದ್ದರು.

ನಡುವೆ 1988ರ ಮಾತು ಬಿಟ್ಟುಹೋಯಿತು. ಆ ವರ್ಷ ಅವರಿಗೆ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠ ಆಟಗಾರರ ಸ್ಮಾರಕ ಭವನ ಸೇರುವ ಗೌರವ. ಆ ಕಟ್ಟಡ ಇರುವುದು ಕ್ಯಾಂಟನ್‌ನಲ್ಲೇ, ಅದನ್ನು ಕಟ್ಟುವಾಗ ಹುಡುಗ ಪೇಜ್ ಅಲ್ಲಿ ಕೆಲಸ ಮಾಡಿದ್ದರು. ಸಾಮಾನ್ಯವಾಗಿ ಕೋಚ್‌ಗಳೋ ಸಹ ಆಟಗಾರರೋ ವೇದಿಕೆಯಲ್ಲಿ ಪರಿಚಯಿಸುತ್ತಾರೆ. ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ಪ್ರೌಢಶಾಲೆಯೊಂದರ ಪ್ರಾಂಶುಪಾಲೆ ವಿಲರೀನ್ ಬೀಸ್ಲಿ ಅವರನ್ನು! ತಂಡದ ಸಭೆಯಲ್ಲಿ ಪ್ಲೇಬುಕ್ (ಆಟದ ತಂತ್ರಗಳ ಪುಸ್ತಕ) ಗಟ್ಟಿಯಾಗಿ ಓದಿ ಎಂದಾಗ ತಡವರಿಸಿದ, ಓದಲೇ ಬಾರದ ಸಂಗಾತಿಗಳನ್ನು ಪೇಜ್ ಕಣ್ಣಾರೆ ಕಂಡಿದ್ದರು. ಕಾಲೇಜು ಮುಗಿಸಿ ಬಂದವರಿಗೇ ಆ ಸ್ಥಿತಿ. ಮೈಯಿಂದ ಲಾಭ ತೆಗೆದ ಶಾಲೆ ಕಾಲೇಜುಗಳು ಓದಿಸುವ ಗೋಜಿಗೇ ಹೋಗಿರಲಿಲ್ಲ. ಅದೇ ವರ್ಷ ದಂಪತಿ ಶುರು ಮಾಡಿದ ಪ್ರತಿಷ್ಠಾನ ಮಿನೆಸೋಟದ ಕಪ್ಪು ಮತ್ತಿತರ ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಕಾಲೇಜು ನೆರವು ಕೊಡುತ್ತದೆ. ಷರತ್ತು ಒಂದೇ: ನೆರವು ಪಡೆದವರು ಚಿಕ್ಕ ಮಕ್ಕಳ ಓದಿಗೆ ಕೈಜೋಡಿಸಬೇಕು.

2018ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. ಅದಕ್ಕಿಂತ ನನಗೆ ಹಿಡಿಸಿದ್ದು ಅದರ ಹಿಂದಿನ ವರ್ಷದ ಸುದ್ದಿ. ಮಿನಿಯಾಪೊಲಿಸ್‌ನ ಮಾಧ್ಯಮಿಕ ಶಾಲೆಯೊಂದಕ್ಕೆ ಡಕೋಟ ಮೂಲನಿವಾಸಿಗಳನ್ನು ನಿರ್ಮೂಲ ಮಾಡಬೇಕೆಂದಿದ್ದ ಹಳೇ ಗವರ್ನರ್ ರ‍್ಯಾಮ್ಸಿ ಹೆಸರಿತ್ತು. ವಿದ್ಯಾರ್ಥಿಗಳೇ ಪಟ್ಟು ಹಿಡಿದು ಬದಲಾಯಿಸಿದರು. ಈಗ ಅದು ಜಸ್ಟಿಸ್ ಪೇಜ್ ಶಾಲೆ. ಆಟಗಾರ ಎನ್ನುವ ಮಾತು ಹೆಸರಲ್ಲಿ ಎಲ್ಲೂ ಇಲ್ಲ.