ಕೋಲು ನೋಡಿ ಹಾಡುವ ಹುಡುಗಿ

ಮದುವೆ ಆರತಕ್ಷತೆಯಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುವವರನ್ನು ಗಮನಿಸಿದ್ದೀರಾ? ಪಾಪ, ಅವರಿಗೆ ಜನರ ಮುಖ ನೋಡಲು ಪುರುಸೊತ್ತೇ ಇರುವುದಿಲ್ಲ. ಪಲ್ಲವಿ ಚೆನ್ನಾಗಿ ಬಂತು, ಇನ್ನೊಂದು ಸಲ ಹಾಡೋಣ ಅನ್ನಿಸಿದರೂ ಆಗುವುದಿಲ್ಲ. ಅಷ್ಟರಲ್ಲಿ ಟ್ರ್ಯಾಕ್ ಚರಣಕ್ಕೆ ಹೋಗಿರುತ್ತದೆ. ನಡುವೆ ಒಂದು ಕೆಮ್ಮು ಬಂದರಂತೂ ಆ ಸಾಲು ಹೋಯಿತು ಅಂತಲೇ ಲೆಕ್ಕ. ಪಕ್ಕದಲ್ಲಿ ತಬಲಾದವರು ಇದ್ದಿದ್ದರೆ ಒಂದು ಆವರ್ತ ಸುಮ್ನೆ ನುಡಿಸಿಕೊಂಡು ಕಾಯುತ್ತಿದ್ದರು. ಮೆಷಿನ್ನಿಗೆ ಅಷ್ಟು ದಾಕ್ಷಿಣ್ಯ ಎಲ್ಲಿಂದ ಬರಬೇಕು?

ಕಲಿಸಿದರೆ ಬರುತ್ತದೆ ಎಂದು ಎಂಬತ್ತನೇ ವಯಸ್ಸಿನಲ್ಲಿ ಹಟ ಹಿಡಿದವರು ಒಬ್ಬರಿದ್ದರು. ಜಪಾನಿನ ಸಂಗೀತಗಾರ ಇಸಾವೊ ತೊಮಿತಾ.

ತೊಮಿತಾ ಹುಟ್ಟಿದ್ದು 1932ರಲ್ಲಿ, ಟೋಕಿಯೊದಲ್ಲಿ. ಅವರ ಸಂಗೀತವನ್ನು ಕೇಳದ ಜಪಾನಿಯರು ಇರಲಿಕ್ಕಿಲ್ಲ, ಹೆಸರು ಗೊತ್ತಿಲ್ಲದವರು ಬೇಕಾದಷ್ಟು ಜನ ಇರಬಹುದು. ಎನ್‌ಎಚ್‌ಕೆ ಟಿವಿಯಲ್ಲಿ 1957ರಲ್ಲಿ ಶುರುವಾದ ಅಡುಗೆ ಕಾರ್ಯಕ್ರಮವೊಂದಿದೆ. ಅದರ ಆರಂಭದ ಪುಟ್ಟ ಟ್ಯೂನ್ ಇವರದು. ಮರದ ಪಟ್ಟಿಗಳ ಮೇಲೆ ಟಕಟಕ ಎಂದು ಬಡಿಯುವ ಆ ಸದ್ದು ಕೇಳಿದರೆ ಯಾರೋ ಅಡುಗೆಮನೆಯಲ್ಲಿ ಹುರುಪಿನಿಂದ ತರಕಾರಿ ಹೆಚ್ಚುತ್ತಿದ್ದಾರೆ ಅನ್ನಿಸುತ್ತದೆ. ಆಮೇಲೆ ಟಿವಿ ಧಾರಾವಾಹಿಗಳಿಗೆ, ಒಸಾಮು ತೆಜುಕಾ ಅವರ ಕಾರ್ಟೂನ್ ಸಿಂಹದ ಮರಿಗೆ ಸಂಗೀತ ಕೊಟ್ಟರು. ಕೈತುಂಬ ಕೆಲಸ. ಅಲ್ಲಿಗೇ ನಿಂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಆದರೆ ಅವರಿಗೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಸಿಂಥಸೈಜರ್ ಯಂತ್ರದ ಹುಚ್ಚು ಹಿಡಿಯಿತು. 1971ರಲ್ಲಿ ಅಮೆರಿಕದಿಂದ ಮೋಗ್ ಕಂಪನಿಯ ದೊಡ್ಡ ಸಿಂಥಸೈಜರ್ ತರಿಸಿದರು. ಬಂದದ್ದು ಬೀರುವಿನ ಹಾಗಿದ್ದ ಪೆಟ್ಟಿಗೆ. ಮೈತುಂಬ ತಿರುಗಣೆಗಳು, ತೂತುಗಳು, ಜೋತಾಡುವ ವೈರುಗಳು. ಕಸ್ಟಮ್ಸ್‌ನವರು ಇದು ವಾದ್ಯ ಎಂದರೆ ನಂಬಲು ತಯಾರಿರಲಿಲ್ಲ. ಮಿಲಿಟರಿ ಸಾಮಾನೇನೋ ಎಂದು ಅನುಮಾನ. ನುಡಿಸಿ ತೋರಿಸೋಣ ಎಂದರೆ ಅದು ಪ್ಲಗ್ ಹಾಕಿದ ತಕ್ಷಣ ಹಾಡುವ ಪೈಕಿ ಅಲ್ಲ. ಕೊನೆಗೆ ವೇದಿಕೆಯ ಮೇಲೆ ಅದನ್ನು ನುಡಿಸುತ್ತಿರುವವರ ಫೋಟೋ ತರಿಸಿ ತೋರಿಸಿ ಬಿಡಿಸಿಕೊಳ್ಳಬೇಕಾಯಿತು. ಕಸ್ಟಮ್ಸ್‌ನವರನ್ನು ನಾನಂತೂ ಬೈಯುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಮನೆಗೆ ಬಂದ ಮೇಲೂ ಅದು ಸುಲಭಕ್ಕೆ ಬಗ್ಗಲಿಲ್ಲ. ಒಂದು ಸಲಕ್ಕೆ ಒಂದೇ ಸ್ವರ. ವೈರ್ ಕಿತ್ತು ಬೇರೆ ಕಡೆ ಸಿಕ್ಕಿಸಿದರೆ ಹಿಂದಿನ ನಾದ ಮಾಯ. ಅದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಹಾಗಾಗಿ ಒಂದೊಂದೇ ಎಳೆ ನುಡಿಸಿ, ಟೇಪಿಗೆ ತುಂಬಿಸಿ, ಅದರ ಮೇಲೆ ಇನ್ನೊಂದು ಎಳೆ ಹಾಕುವ ಕೆಲಸ. ಹೀಗೆ ವರ್ಷಕ್ಕೂ ಮಿಕ್ಕಿ ಕೂತು, ಫ್ರಾನ್ಸಿನ ಡೆಬಸ್ಸಿಯ ಪಿಯಾನೊ ಸಂಗೀತವನ್ನು ಇಡೀ ಒಂದು ಆಲ್ಬಮ್ಮಿಗೆ ಆಗುವಷ್ಟು ಮಾಡಿದರು. ಜಪಾನಿನ ಕಂಪನಿಗಳು ಅದನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು ಎಂದು ತಲೆ ಕೆರೆದುಕೊಂಡವು. ಅಮೆರಿಕದ ಆರ್‌ಸಿಎ ಕಂಪನಿ 1974ರಲ್ಲಿ ಬಿಡುಗಡೆ ಮಾಡಿತು. ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು.

ಇಷ್ಟಾದರೂ ತೊಮಿತಾ ಅವರಿಗೆ ಒಂದು ಕೊರಗು ಉಳಿದೇ ಇತ್ತು. ಅವರ ಯಂತ್ರ ಶಿಳ್ಳೆ ಹಾಕುತ್ತಿತ್ತು, ಗಂಟೆ ಬಾರಿಸುತ್ತಿತ್ತು, ದೂರದಲ್ಲಿ ಯಾರೋ ಗುಂಪಾಗಿ 'ಆ' ಎಂದಂತೆಯೂ ಕೇಳಿಸುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ಏನು ಮಾಡಿದರೂ ಅದರ ಬಾಯಿಂದ ಹೊರಡುತ್ತಿದ್ದದ್ದು ಪ, ಪಿ, ಪು, ಪೆ, ಪೊ ಅಷ್ಟೇ! ನಾದವನ್ನು ತಡೆದು ಥಟ್ಟನೆ ಬಿಟ್ಟರೆ ತುಟಿ ಬಿಚ್ಚಿದ ಹಾಗೆ ಕೇಳಿಸಿ 'ಪ' ಆಗುತ್ತದೆ. ಕ, ಸ, ರ ಅನ್ನಿಸುವುದಕ್ಕೆ ನಾಲಿಗೆ ಬೇಕಲ್ಲ? ಆ ಪಕಾರದ ಗಾಯಕನಿಗೆ ತೊಮಿತಾ ತಮಾಷೆಯ ಅಡ್ಡಹೆಸರನ್ನೂ ಇಟ್ಟು ತಮ್ಮ ರೆಕಾರ್ಡುಗಳಲ್ಲಿ ಅವನಿಗೆ ಸಣ್ಣಪುಟ್ಟ ಪಾರ್ಟು ಕೊಟ್ಟರು. ಡೆಬಸ್ಸಿ ಆಲ್ಬಮ್ಮಿನಲ್ಲಿ ಅವನು ಒಬ್ಬ ಗೊಣಗುವ ಮುದುಕನ ಹಾಗೆ ಬಂದು ಹೋಗುತ್ತಾನೆ. ನನಗೆ ಅವನನ್ನು ಕಂಡರೆ ತುಂಬ ಇಷ್ಟ.

ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವು. 2007ರ ಆಗಸ್ಟ್ ಕೊನೆಯಲ್ಲಿ ಸಪ್ಪೊರೊ ಊರಿನ ಕ್ರಿಪ್ಟನ್ ಎಂಬ ಕಂಪನಿ ಒಂದು ಸಾಫ್ಟ್‌ವೇರ್ ಡಬ್ಬಿಯನ್ನು ಮಾರಾಟಕ್ಕೆ ತಂದಿತು. ಹೆಸರು ಹಾತ್ಸುನೆ ಮಿಕು. ಒಳಗಿನ ತಂತ್ರ ಯಮಾಹಾದ ವೊಕಲಾಯ್ಡ್. ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯ ದನಿಯನ್ನು ರೆಕಾರ್ಡ್ ಮಾಡಿ, ಚೂರುಚೂರು ಮಾಡಿ, ಬೇಕಾದ ಹಾಗೆ ಜೋಡಿಸಿಕೊಳ್ಳುವಂತೆ ಇಟ್ಟಿದ್ದರು. ನೀವು ಸ್ವರ ಬರೆದು, ಅದರ ಕೆಳಗೆ ಅಕ್ಷರ ಟೈಪ್ ಮಾಡಿದರೆ ಸಾಕು, ಅವಳು ಹಾಡುತ್ತಾಳೆ. ಡಬ್ಬಿಯ ಮೇಲೆ ನೀಲಿ-ಹಸಿರು ಜಡೆಯ ಹುಡುಗಿಯ ಚಿತ್ರ. ವಯಸ್ಸು 16, ಎತ್ತರ 158 ಸೆಂಟಿಮೀಟರ್, ತೂಕ 42 ಕಿಲೊ ಎಂಬ ವಿವರ ಬೇರೆ. ವರನ ಕಡೆಯವರು ಕೇಳುವ ವಿವರವೆಲ್ಲ ಮುಂಚೆಯೇ ಕೊಟ್ಟುಬಿಟ್ಟಿದ್ದಾರೆ!

ಮಿಕುವನ್ನು ಮೊದಲು ಮನೆಗೆ ಕರೆದುಕೊಂಡವರು ಬಹುಪಾಲು ಹುಡುಗರು. ಬ್ಯಾಂಡ್ ಕಟ್ಟಲು ಜನ ಸಿಗದವರು, ತಮ್ಮ ದನಿ ತಮಗೇ ಹಿಡಿಸದವರು. ಹಾಚಿ ಎಂಬ ಹೆಸರಿನಲ್ಲಿ ಅವಳಿಂದ ಹಾಡಿಸುತ್ತಿದ್ದ ಕೆನ್ಶಿ ಯೊನೆಜು 2012ರಲ್ಲಿ ಸ್ವಂತ ಹೆಸರು, ಸ್ವಂತ ದನಿಯಲ್ಲಿ ಆಲ್ಬಮ್ ತಂದು, ಈಗ ಜಪಾನಿನ ದೊಡ್ಡ ಗಾಯಕರಲ್ಲಿ ಒಬ್ಬ. ಅವನು ಮಿಕುವಿನ ಹಿಂದಿನಿಂದ ಎದ್ದು ಮುಂದೆ ಬಂದ ಅದೇ ವರ್ಷ ತೊಮಿತಾ ಅವಳನ್ನು ಹುಡುಕಿಕೊಂಡು ಹೋಗಿದ್ದರು.

ಅವರ ಮನಸ್ಸಿನಲ್ಲಿದ್ದದ್ದು ಕೆಂಜಿ ಮಿಯಾಜಾವಾ ಅವರ ಕತೆಗಳನ್ನು ಸಂಗೀತಕ್ಕೆ ತರುವುದು. ಮಿಯಾಜಾವಾ ಉತ್ತರ ಜಪಾನಿನ ಇವಾತೆಯ ಕವಿ, ಕತೆಗಾರ, ಕೃಷಿ ಶಾಲೆಯ ಮೇಷ್ಟರು. 1933ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಇವಾತೆಯನ್ನೇ ಕನಸಿನ ನಾಡಾಗಿ ಮಾಡಿ ಅವರಿಟ್ಟ ಹೆಸರು ಇಹಾತೋವ್. ಅವರ ಕತೆಗಳಲ್ಲಿ ಬೇಟೆಗೆ ಬಂದ ಇಬ್ಬರು ಸಾಹೇಬರನ್ನು ಕಾಡಿನ ಹೋಟೆಲೊಂದು 'ಬೂಟು ಬಿಚ್ಚಿ, ಮೈಗೆ ಕ್ರೀಮ್ ಹಚ್ಚಿಕೊಳ್ಳಿ' ಎಂದು ಉಪಚರಿಸುತ್ತದೆ. ಹೋಟೆಲ್ ನಡೆಸುವವು ಕಾಡುಬೆಕ್ಕುಗಳು, ಊಟ ಇವರೇ ಎಂಬುದು ತಡವಾಗಿ ಗೊತ್ತಾಗುತ್ತದೆ. ಇನ್ನೊಂದರಲ್ಲಿ ನಕ್ಷತ್ರಗಳ ನಡುವೆ ಓಡುವ ರೈಲಿನಲ್ಲಿ ಹುಡುಗನೊಬ್ಬ ಗೆಳೆಯನ ಜೊತೆ ಕೂತಿರುತ್ತಾನೆ. ಆ ಗೆಳೆಯ ನೀರಿನಲ್ಲಿ ಮುಳುಗಿ ಆಗಲೇ ಸತ್ತಿದ್ದಾನೆ. ಇಂಥವರಿಗೆಲ್ಲ ಯಾವ ಗಾಯಕಿಯಿಂದ ಹಾಡಿಸುವುದು? ಮೇಲಿನ ಸ್ಥಾಯಿಯಲ್ಲಿ ಹಾಡುವ ಒಳ್ಳೆಯ ಸೊಪ್ರಾನೊ ಗಾಯಕಿ ನಿಂತು ಹಾಡಿದರೆ ಬದುಕಿರುವವಳು ಹಾಡಿದ ಹಾಗೇ ಇರುತ್ತದೆ ಅಲ್ವಾ? ತೊಮಿತಾ ಮಿಕುವನ್ನು ಆರಿಸಿದರು. ಅವಳು ಹೋಟೆಲಿನ ಕತೆಯಲ್ಲಿ ತನ್ನ ಮೈ ತಾತ್ಕಾಲಿಕದ್ದು, ಕಂಪ್ಯೂಟರ್ ಬಿಟ್ಟು ಹೊರಗೆ ಬರಲಾರೆ ಎಂದು ತನ್ನ ಬಗ್ಗೆಯೇ ಹಾಡಿಕೊಳ್ಳುತ್ತಾಳೆ.

ಇಲ್ಲಿಂದ ಕಷ್ಟ ಶುರು. ತೆರೆಯ ಮೇಲೆ ಅವಳ ಚಿತ್ರ ಕುಣಿಸಿ ನಡೆಸುವ ಮಿಕುವಿನ ಕಛೇರಿಗಳಲ್ಲಿ ಹಾಡು ಮೊದಲೇ ಸಿದ್ಧವಾಗಿರುತ್ತದೆ, ಜೊತೆಗಿರುವ ವಾದಕರು ಕಿವಿಯಲ್ಲಿ ಟಿಕ್ ಟಿಕ್ ಕೇಳಿಕೊಂಡು ಅವಳ ಹಿಂದೆ ಹೋಗುತ್ತಾರೆ. ಇದೇ ರೂಢಿ. ತೊಮಿತಾ ಒಪ್ಪಲಿಲ್ಲ. ಇಡೀ ಆರ್ಕೆಸ್ಟ್ರಾ, ಅದರ ಹಿಂದೆ ದೊಡ್ಡವರ, ಮಕ್ಕಳ ಗಾಯನ ತಂಡಗಳು. ಇಷ್ಟು ಜನ ಉಸಿರಾಡುವವರು ಒಂದು ಕಂಪ್ಯೂಟರಿನ ಹಿಂದೆ ಓಡಬೇಕಾ? ಆರ್ಕೆಸ್ಟ್ರಾ ನಡೆಸುವ ನಿರ್ದೇಶಕರ ಕೈಯಲ್ಲಿರುವ, ಗತಿ ತೋರಿಸುವ ಕೋಲು ನಿಧಾನವಾದರೆ ಮಿಕು ನಿಧಾನವಾಗಬೇಕು, ಕೋಲು ನಿಂತರೆ ನಿಲ್ಲಬೇಕು. ಹಾಡಷ್ಟೇ ಅಲ್ಲ, ತೆರೆಯ ಮೇಲೆ ಕುಣಿಯುವ ಚಿತ್ರವೂ ಹಾಗೇ ಆಗಬೇಕು. ಅದಕ್ಕೆಂದೇ ಹೊಸ ವ್ಯವಸ್ಥೆ ಕಟ್ಟಿದರು. ಕೋಲನ್ನೇ ನೋಡುತ್ತಾ ಅವಳನ್ನು ನಡೆಸಲು ಕೀಬೋರ್ಡಿನ ಮುಂದೆ ಮತ್ತೆ ಮನುಷ್ಯನೇ ಕೂರಬೇಕಾಯಿತು. ದಾಕ್ಷಿಣ್ಯದ ಕೆಲಸ ನೋಡಿ, ಕೊನೆಗೂ ಮನುಷ್ಯನ ತಲೆಗೇ ಬಂತು!

2012ರ ನವೆಂಬರ್ 23ರಂದು ಟೋಕಿಯೊದ ಒಪೆರಾ ಸಿಟಿ ಸಭಾಂಗಣದಲ್ಲಿ ಇಹಾತೋವ್ ಸಿಂಫನಿ ಎಂಬ ಈ ಕೃತಿಯ ಮೊದಲ ಪ್ರದರ್ಶನವಾಯಿತು. ಕೋಲು ಹಿಡಿದವರು ನಾವೊತೊ ಒತೊಮೊ. ಮಿಕುವಿನ ದನಿ ಎಲ್ಲರಿಗೂ ಹಿಡಿಸುತ್ತದೆ ಎಂದು ನಾನು ಹೇಳಲಾರೆ. ತೆಳು, ಮೇಲಿನ ಸ್ಥಾಯಿ, ಅಕ್ಷರಗಳನ್ನು ಕಚ್ಚಿ ಕಚ್ಚಿ ಬಿಡುತ್ತಾಳೆ. ಮೊದಲ ಸಲ ಕೇಳಿದಾಗ ಕಿವಿಗೆ ಕಿರಿಕಿರಿಯೇ. ಆದರೆ ರೈಲಿನ ಭಾಗದಲ್ಲಿ ಅದೇ ತೆಳುದನಿ ಎಷ್ಟು ಸರಿಯಾಗಿ ಕೂತಿದೆ ಎಂದರೆ, ಅಲ್ಲಿ ಬೇರೆ ಯಾರನ್ನೂ ಊಹಿಸಿಕೊಳ್ಳಲು ಆಗುವುದಿಲ್ಲ.

ತೊಮಿತಾ ಅಷ್ಟಕ್ಕೇ ಬಿಡಲಿಲ್ಲ. ಅವರ ಪರಿಚಯದ ಹಿದೆಯೊ ಇತೊಕಾವಾ ಜಪಾನಿನ ರಾಕೆಟ್ ವಿದ್ಯೆಯ ಪಿತಾಮಹ. ಈ ಮನುಷ್ಯ ಅರವತ್ತು ದಾಟಿದ ಮೇಲೆ ಬ್ಯಾಲೆ ನೃತ್ಯ ಕಲಿಯಲು ಹೋದವರು. ಬೆಳಕಿನಿಂದ ಮೂಡಿಸಿದ ಹೊಲೊಗ್ರಾಮ್ ಹುಡುಗಿಯ ಜೊತೆ ಕುಣಿಯಬೇಕೆಂಬ ಆಸೆಯನ್ನು ಹಿಂದೆಂದೋ ತೊಮಿತಾ ಹತ್ತಿರ ಹೇಳಿಕೊಂಡಿದ್ದರು. ನಮ್ಮಲ್ಲಾದರೆ ಮನೆಯವರು 'ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ' ಎಂದು ಮುಖ ತಿರುಗಿಸುತ್ತಿದ್ದರು. ತೊಮಿತಾ ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಇತೊಕಾವಾ 1999ರಲ್ಲಿ ತೀರಿಕೊಂಡರೂ ಆ ಆಸೆಯನ್ನು ಬಿಡದೆ 'ಡಾಕ್ಟರ್ ಕೊಪ್ಪೇಲಿಯುಸ್' ಎಂಬ ಕೃತಿ ಬರೆಯಲು ಕೂತರು. ಅದರ ಕೆಲಸ ನಡೆಯುತ್ತಿರುವಾಗಲೇ, 2016ರ ಮೇ 5ರಂದು, 84ನೇ ವಯಸ್ಸಿನಲ್ಲಿ ಹೋಗಿಬಿಟ್ಟರು. ಬಿಟ್ಟುಹೋದದ್ದನ್ನು ಜೊತೆಯವರು ಸೇರಿಸಿ ಅದೇ ನವೆಂಬರಿನಲ್ಲಿ ಟೋಕಿಯೊದ ಆರ್ಚರ್ಡ್ ಹಾಲ್‌ನಲ್ಲಿ ಆಡಿಸಿದರು. ನಿಜವಾದ ನರ್ತಕನೊಬ್ಬ ಮಿಕುವಿನ ಜೊತೆ ಕುಣಿದ.